ಚೆನ್ನಾಜಿಯ ಹಿಂದೆ ಸಲಾಲಕ್ಕೆ

ಗುಬ್ಬಿ, ಹೊರಡುವ ಮುಂಚೆ

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ವಿಮಾನ ಹತ್ತಿದ್ದು ನಾನೇ ಬರೆದ ಒಬ್ಬ ಹೆಂಗಸಿನ ದೆಸೆಯಿಂದ. ಅವಳ ಹೆಸರು ಚೆನ್ನಾಜಿ. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಪರದೆ ಹೊಲೆಯುವವಳು. ಮೂವತ್ತು ವರ್ಷದ ಹಿಂದೆ, ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ, ಅವಳ ಮೇಲೆ ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದ್ದೆ. ಓದಿದವರು ಕಡಿಮೆ. ನಮ್ಮ ಯಜಮಾನರೇ ಇಪ್ಪತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಒಂದನ್ನು ಗುರುತಿಗೆ ಇಟ್ಟು ಮಡಚಿದವರು ಮತ್ತೆ ತೆರೆಯಲಿಲ್ಲ. ಉಳಿದ ಪ್ರತಿಗಳು ಹಳೇ ಸೀರೆಯಲ್ಲಿ ಗಂಟಾಗಿ ಅಟ್ಟ ಸೇರಿದವು.

ಆ ಗಂಟು ಬಿಚ್ಚಿದವಳು ನನ್ನ ನಾದಿನಿ ರತ್ನ. ಅವಳು ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಮೆಸ್ ನಡೆಸುತ್ತಾಳೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅವಳ ಮಗಳು ತುಮಕೂರಿನಲ್ಲಿ ಬಸುರಿಯಾಗಿ, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಾಗ, ಹೊತ್ತು ಹೋಗಲಿ ಅಂತ ರತ್ನ ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ಫೋನ್ ಎದುರಿಗೆ ಕೂತು ನನ್ನ ಕಾದಂಬರಿ ಓದಿ, ರೆಕಾರ್ಡ್ ಮಾಡಿ ಕಳಿಸತೊಡಗಿದಳು. ಮಗಳು ಗೆಳತಿಯರಿಗೆ ಕಳಿಸಿದಳು, ಗೆಳತಿಯರು ಇನ್ಯಾರಿಗೋ. ಆಮೇಲೆ ಯಾರೋ ಅದನ್ನು ಯೂಟ್ಯೂಬಿಗೂ ಹಾಕಿದರು. ಹೆಣ್ಣುಮಗು ಹುಟ್ಟುವ ಹೊತ್ತಿಗೆ, ನಾನು ಹೆಸರೇ ಕೇಳದ ಊರುಗಳಲ್ಲಿ ಜನ ಚೆನ್ನಾಜಿಯ ಕಥೆ ಕೇಳುತ್ತಿದ್ದರು. ಯಜಮಾನರೂ ಹದಿನೈದು ದಿನದಲ್ಲಿ ಅಷ್ಟನ್ನೂ ಕೇಳಿ, "ಚೆನ್ನಾಗ್ ಬರ್ದಿದೀಯ ಕಣೇ, ಮೊದ್ಲೇ ಹೇಳ್ಬಾರ್ದಾ" ಅಂದರು.

ನನಗೆ ಸಂತೋಷವಾಗಬೇಕಿತ್ತು. ಆದರೆ ನಾನು ಕೇಳಿದಾಗ ನನ್ನ ವಾಕ್ಯಗಳೇ ಅಲ್ಲಿರಲಿಲ್ಲ. ರತ್ನ ಓದುತ್ತಿರಲಿಲ್ಲ, ಹೇಳುತ್ತಿದ್ದಳು. "ವಸ್ತ್ರವು ಜೀರ್ಣವಾಗಿದ್ದರೂ ಆಕೆಯ ಸಂಕಲ್ಪವು ಜೀರ್ಣವಾಗಿರಲಿಲ್ಲ" ಅಂತ ನಾನು ಒಂದು ರಾತ್ರಿಯೆಲ್ಲ ಯೋಚಿಸಿ ಬರೆದಿದ್ದೆ. ಅದು ಅವಳ ಬಾಯಲ್ಲಿ "ಹರಿದಿದ್ದು ಬಟ್ಟೆ ಕಣವ್ವ, ಸೂಜಿ ಅಲ್ಲ" ಅಂತಾಗಿತ್ತು. ಹಿಂದೆ ಕುಕ್ಕರ್ ಶಿಳ್ಳೆ. ಅದರ ಹಿಂದೆ ಕಂಡಕ್ಟರ್ ಒಬ್ಬನ "ಯಡಿಯೂರ್ ಯಡಿಯೂರ್" ಕೂಗು. ನಾನು ವ್ಯಾಕರಣದ ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸಿದೆ. ಅವಳು ಅದಕ್ಕೆ ಒಂದು ನಗುವ ಮುಖ ಕಳಿಸಿದಳು, ಅಷ್ಟೇ.

ಒಮಾನ್ ದೇಶದ ಸಲಾಲದಿಂದ ಕರೆ ಬಂದದ್ದು ಆಗ. ಕರೆದವಳು ಶೈಲಜಾ, ತುಮಕೂರಿನ ಹೆಣ್ಣುಮಗಳು, ಅಲ್ಲೊಂದು ಆಸ್ಪತ್ರೆಯಲ್ಲಿ ನರ್ಸು. ಅವಳೂ ಅವಳ ಗೆಳತಿಯರೂ ಸೇರಿ ಚೆನ್ನಾಜಿಯ ಹೆಸರಲ್ಲೇ ಒಂದು ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದರು. ಕೊನೇ ಅಧ್ಯಾಯ ಒಂದು ಉಳಿದಿತ್ತು. ಅದನ್ನು ನಮ್ಮ ಎದುರಿಗೇ ಓದಬೇಕು, ಇಬ್ಬರೂ ಬನ್ನಿ, ಟಿಕೆಟ್ಟು ವೀಸಾ ಎಲ್ಲ ನಮ್ಮ ಜವಾಬ್ದಾರಿ ಅಂದಳು. ಸಂಕ್ರಾಂತಿ ಕಳೆದ ಮೇಲೆ ನಾವಿಬ್ಬರೂ ಹೊರಟೆವು.

ಮಸ್ಕತ್, ನಡುದಾರಿ

ಮಸ್ಕತ್ತಿನಲ್ಲಿ ವಿಮಾನ ಬದಲಿಸಬೇಕಿತ್ತು. ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ ಅಂದರು. ರತ್ನ ವಾಚು ತಿರುಗಿಸುತ್ತಾ, "ಉಂಡಿದ್ ಊಟ ಇನ್ನೊಂದ್ ಸರ್ತಿ ಉಣ್ಬೋದು" ಅಂದಳು. ಅಲ್ಲಿನ ನೆಲ ಹೊಳೆಯುವುದನ್ನು ನೋಡಿ ಇಬ್ಬರೂ ಚಪ್ಪಲಿ ಬಿಡಬೇಕೇನೋ ಅಂತ ಒಂದು ಗಳಿಗೆ ನಿಂತೆವು. ಯಾರೂ ಬಿಟ್ಟಿರಲಿಲ್ಲ, ನಾವೂ ಬಿಡಲಿಲ್ಲ.

ಮುಂದಿನ ವಿಮಾನಕ್ಕೆ ಕಾಯುತ್ತಾ ಕೂತಾಗ ನಾನು ಕೊನೇ ಅಧ್ಯಾಯ ತೆಗೆದು ಅವಳ ತೊಡೆಯ ಮೇಲಿಟ್ಟೆ.

"ಇದೊಂದನ್ನಾದ್ರೂ ಬರ್ದಿರೋ ಹಾಗೇ ಓದು ರತ್ನ."

ಅವಳು ಪುಸ್ತಕ ಮುಟ್ಟಲಿಲ್ಲ. "ಅತ್ಗೆ, ಬೇಜಾರ್ ಮಾಡ್ಕೊಬ್ಯಾಡಿ. ಈ ಕೊನೆ ನಂಗೆ ಓದಕ್ಕಾಗಲ್ಲ."

ನನ್ನ ಕಾದಂಬರಿಯ ಕೊನೆಯಲ್ಲಿ ಕಂಪನಿ ಮುಚ್ಚುತ್ತದೆ. ಪರದೆಗಳನ್ನೆಲ್ಲ ಯಾರೋ ಲಾರಿಗೆ ಹೇರಿಕೊಂಡು ಹೋಗುತ್ತಾರೆ. ಚೆನ್ನಾಜಿ ಖಾಲಿ ರಂಗದ ಮೇಲೆ ಒಂದಿಷ್ಟು ಹೊತ್ತು ಕೂತಿದ್ದು, ಎದ್ದು, ಬೀದಿಗೆ ಇಳಿಯುತ್ತಾಳೆ. "ಆಮೇಲೆ ಆಕೆಯನ್ನು ಯಾರೂ ಕಾಣಲಿಲ್ಲ" ಎಂಬುದು ಕೊನೆಯ ವಾಕ್ಯ. ಆ ವಾಕ್ಯದ ಬಗ್ಗೆ ನನಗೆ ಮೂವತ್ತು ವರ್ಷದಿಂದ ಹೆಮ್ಮೆ.

"ಅದು ಸಾಹಿತ್ಯ ರತ್ನ. ಎಲ್ಲಾನೂ ಬಿಡಿಸಿ ಹೇಳಬಾರ್ದು."

"ಇರ್ಬೋದು. ಆದ್ರೆ ದಿನಾ ನಂಗೆ ವಾಯ್ಸ್ ಕಳಿಸ್ತವ್ರೆ, ಅವ್ಳು ಏನಾದ್ಲು ಅಕ್ಕ, ಏನಾದ್ಲು ಅಂತ. ಗೊತ್ತಿಲ್ಲ ಅಂತ ನಾನು ಯಾವ್ ಬಾಯಲ್ಲಿ ಹೇಳ್ಲಿ? ನೀವೇ ಒಂದೆರಡ್ ಪುಟ ಸೇರಿಸ್ಕೊಡಿ. ಇಲ್ದಿದ್ರೆ ನಾನೇ ಸೇರಿಸ್ತೀನಿ."

"ಸೇರಿಸಿದ್ರೆ ಅದ್ರ ಮೇಲೆ ನನ್ನ ಹೆಸರು ಇರಕೂಡ್ದು."

ಸ್ವಲ್ಪ ಜೋರಾಗಿಯೇ ಅಂದೆನೇನೋ. ಎದುರಿಗೆ ಕೂತಿದ್ದ ಬಿಳಿ ನಿಲುವಂಗಿಯ ಮುದುಕರೊಬ್ಬರು ಜಪಮಣಿ ತಿರುಗಿಸುವುದನ್ನು ನಿಲ್ಲಿಸಿ ನಮ್ಮನ್ನು ನೋಡಿದರು. ಆಮೇಲೆ ನಾವು ಸಲಾಲ ಮುಟ್ಟುವವರೆಗೆ ಒಬ್ಬರಿಗೊಬ್ಬರು ಮಾತಾಡಲಿಲ್ಲ. ವಿಮಾನದಲ್ಲಿ ಅವಳು ತನ್ನ ಪಾಲಿನ ಖರ್ಜೂರವನ್ನು ಮಾತಿಲ್ಲದೆ ನನ್ನ ತಟ್ಟೆಗೆ ಹಾಕಿದಳು. ನಾನು ಮಾತಿಲ್ಲದೆ ತಿಂದೆ.

ಸಲಾಲ, ತೆಂಗಿನ ಬೀದಿ

ವಿಮಾನದ ಕೆಳಗೆ ಗಂಟೆಗಟ್ಟಲೆ ಮರಳು, ಬೋಳು ಬೆಟ್ಟ. ಇಳಿದರೆ ತೆಂಗಿನ ತೋಟ. ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ರಸ್ತೆಯ ಎರಡೂ ಕಡೆ ತೆಂಗು, ನಡುನಡುವೆ ಬಾಳೆ. ಸಾಲಾಗಿ ಎಳನೀರಿನ ಅಂಗಡಿಗಳು, ಬಾಳೆಗೊನೆಗಳನ್ನು ತೋರಣದ ಹಾಗೆ ನೇತುಹಾಕಿದ್ದರು. ಗುಬ್ಬಿಯಿಂದ ಹೊರಟು ಸಮುದ್ರ ದಾಟಿ ಮತ್ತೆ ಗುಬ್ಬಿಗೇ ಬಂದ ಹಾಗಾಯಿತು. ಮೌನ ಮುರಿದದ್ದು ರತ್ನನೇ.

"ಅತ್ಗೆ, ಗೊಬ್ರ ಸಾಲ್ದು ಇವಕ್ಕೆ. ಗರಿ ನೋಡಿ."

ಕರೆದೊಯ್ಯಲು ಬಂದಿದ್ದ ಶೈಲಜಾ ನಕ್ಕು ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಅಂಗಡಿಯವನು ಬಾಂಗ್ಲಾದೇಶದವನು. ಅವನು ಎಳನೀರನ್ನು ಮೇಜಿನ ಮೇಲಿಟ್ಟು, ಸುತ್ತಲೂ ನಾಜೂಕಾಗಿ ಸಿಪ್ಪೆ ಹೆರೆಯುತ್ತಾ ಕೂತ. ರತ್ನ ಎರಡು ನಿಮಿಷ ತಡೆದುಕೊಂಡಳು. ಆಮೇಲೆ ಅವನ ಕೈಯಿಂದ ಮಚ್ಚು ತೆಗೆದುಕೊಂಡು, ಕಾಯನ್ನು ಅಂಗೈಲಿ ಹಿಡಿದು, ಮೂರೇಟಿಗೆ ಕೆತ್ತಿ ಕೊಟ್ಟಳು. ಅವನು ಫೋನ್ ತೆಗೆದು, ಇನ್ನೊಂದು ಸಲ ಮಾಡಿ ಅಂತ ಹಿಂದಿಯಲ್ಲಿ ಕೇಳಿ ವಿಡಿಯೋ ಮಾಡಿಕೊಂಡ. ಸಂಜೆಯೊಳಗೆ ಆ ವಿಡಿಯೋ ಹೇಗೋ ಶೈಲಜಾಳ ಗುಂಪಿಗೂ ಬಂದಿತ್ತು. ಕೆಳಗೆ ಯಾರೋ ಬರೆದಿದ್ದರು: ಚೆನ್ನಾಜಿ ಬಂದಳು.

ಆ ಸಂಜೆ ನಾಲ್ಕೈದು ಹೆಂಗಸರು ನೋಡಲು ಬಂದರು. ಒಬ್ಬಳು ಟೀಚರು ರತ್ನನ ಮಾತು ಕೇಳುತ್ತಾ ಕೇಳುತ್ತಾ ಗಾಬರಿಯಾಗಿ, "ಅಕ್ಕ, ಹುಷಾರಾಗಿದೀರಾ? ಯಾಕಿಷ್ಟು ನಿಧಾನ ಮಾತಾಡ್ತಿದೀರ?" ಅಂದಳು. ವಿಚಾರಿಸಿದರೆ, ಕೆಲಸದ ಅವಸರದಲ್ಲಿ ಅವಳು ಬಂದ ಕಂತುಗಳನ್ನೆಲ್ಲ ಫೋನಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಇಟ್ಟು ಕೇಳಿದ್ದಳಂತೆ. ಅವಳಿಗೆ ಗೊತ್ತಿದ್ದ ರತ್ನ ಬಹಳ ಚುರುಕಿನವಳು. ಇನ್ನೊಬ್ಬಳು ತನ್ನ ಫೋನಿನ ಸ್ಟೇಟಸ್ ತೋರಿಸಿದಳು. ಹೂವಿನ ಚಿತ್ರ, ಅದರ ಮೇಲೆ "ಹರಿದಿದ್ದು ಬಟ್ಟೆ ಕಣವ್ವ, ಸೂಜಿ ಅಲ್ಲ", ಕೆಳಗೆ ನನ್ನ ಹೆಸರು.

"ನಮ್ಮ ಹಾಸ್ಟೆಲ್ ಗೋಡೇಲೂ ಅಂಟಿಸಿದೀವಿ ಮೇಡಂ. ಹೆಂಗ್ ಹೊಳೀತು ನಿಮ್ಗೆ ಈ ಮಾತು?"

ನಾನು ರತ್ನನ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. "ಅದು ನಂದಲ್ಲಮ್ಮ, ಇವಳದ್ದು" ಅಂದೆ. ಹೇಳಿದ್ದು ಸತ್ಯವೇ, ಆದರೂ ಹೇಳಲು ಮನಸ್ಸಿರಲಿಲ್ಲ. ಅವರು ನಂಬಲಿಲ್ಲ. ದೊಡ್ಡವರ ವಿನಯ ಅಂದುಕೊಂಡರು.

ಸಲಾಲ, ಕೆಳಗಿನ ಮನೆ

ಮಾರನೇ ದಿನ ಶೈಲಜಾಳ ಮನೆಯೊಡತಿ ನಮ್ಮನ್ನು ಕಾಫಿಗೆ ಕರೆದರು. ಕೆಳಗಿನ ಮನೆಯಲ್ಲಿರುವ ಮುದುಕಿ, ಎಲ್ಲರೂ ಅವರನ್ನು ಉಮ್ಮ್ ಸಾಲಿಂ ಅನ್ನುತ್ತಾರೆ, ಅಂದರೆ ಸಾಲಿಮನ ತಾಯಿ. ನಮ್ಮಲ್ಲೂ ಇಂಥವರನ್ನು ಇಂಥವರ ಅಮ್ಮ ಅಂತಲೇ ತಾನೆ ಕರೆಯುವುದು. ಅವರು ಕೆಂಡದ ಮೇಲೆ ಸಾಂಬ್ರಾಣಿಯ ಹರಳು ಹಾಕಿ, ಆ ಹೊಗೆಯನ್ನು ನಮ್ಮ ಸೆರಗಿನ ಕೆಳಗೆ ಹಿಡಿದರು. ನಾನು ದೇವರಿಗೆ ಮಾತ್ರ ಹಿಡಿಯುತ್ತಿದ್ದ ಧೂಪ ನನಗೇ ಹಿಡಿದದ್ದರಿಂದ ಮುದುಡಿಕೊಂಡು ಕೂತೆ.

ಕಾಫಿ ಹಾಲಿಲ್ಲದ್ದು, ಏಲಕ್ಕಿಯ ಘಮ, ಬೆರಳುದ್ದದ ಬಟ್ಟಲು. ಕುಡಿದು ಇಟ್ಟೆ, ತುಂಬಿಸಿದರು. ಬಿಡುವುದು ಮರ್ಯಾದೆಯಲ್ಲ ಅಂತ ಕುಡಿದೆ, ಮತ್ತೆ ತುಂಬಿಸಿದರು. ಏಳನೇ ಬಟ್ಟಲಿಗೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಆಗ ಶೈಲಜಾ ಕಿವಿಯಲ್ಲಿ, "ಮೇಡಂ, ಸಾಕು ಅನ್ನೋಕೆ ಬಟ್ಟಲನ್ನ ಹಿಂಗೆ ಅಲ್ಲಾಡಿಸ್ಬೇಕು" ಅಂದಳು. ಅಲ್ಲಾಡಿಸಿದೆ. ತಕ್ಷಣ ನಿಲ್ಲಿಸಿದರು. ನಮ್ಮ ಕಡೆ ಎಲೆಯ ಮೇಲೆ ಅಡ್ಡಬಿದ್ದರೂ ಬಡಿಸುವವರು ಬಿಡುವುದಿಲ್ಲ. ಇಲ್ಲಿ ಮಣಿಕಟ್ಟಿನ ಒಂದು ಕುಲುಕು ಸಾಕು.

ಹೊರಡುವಾಗ ಉಮ್ಮ್ ಸಾಲಿಂ ರತ್ನನ ಗಲ್ಲ ಮುಟ್ಟಿ, ದೊಡ್ಡ ನಗೆ ನಕ್ಕು, "ಯಡಿಯೂರ್, ಯಡಿಯೂರ್" ಅಂದರು. ನಾವು ಬೆಪ್ಪಾಗಿ ನಿಂತೆವು. ಶೈಲಜಾ ಅಡುಗೆ ಮಾಡುತ್ತಾ ಜೋರಾಗಿ ಹಾಕುತ್ತಿದ್ದ ಕಥೆ ದಿನಾ ಕೆಳಗಿನ ಮನೆಗೂ ಕೇಳಿಸುತ್ತಿತ್ತಂತೆ. ಅದರಲ್ಲಿ ಮತ್ತೆ ಮತ್ತೆ ಬರುವ ಆ ಮಾತೇ ಕಥೆಯ ಹೆಸರು ಅಂತ ಅವರು ತಿಳಿದಿದ್ದರು. ರತ್ನ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ಕಂಡಕ್ಟರ್ ಪುಣ್ಯಾತ್ಮನಿಗೆ ಇದನ್ನು ಹೇಗೆ ತಿಳಿಸುವುದು ಅನ್ನುವುದೇ ಅವಳ ಚಿಂತೆ.

ಸಲಾಲ, ಶುಕ್ರವಾರ

ಅಲ್ಲಿ ವಾರದ ರಜೆ ಶುಕ್ರವಾರ. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಬರುವುದೆಂದು ಮಾತಾಗಿತ್ತು. ಬೆಳಿಗ್ಗೆ ಎದ್ದರೆ ರತ್ನನ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಎರಡು ದಿನ ಎಲ್ಲರ ಮನೆಯಲ್ಲೂ ಎಸಿ, ಎಲ್ಲರ ಮನೆಯಲ್ಲೂ ಐಸ್ ಹಾಕಿದ ಜ್ಯೂಸು. ಶೈಲಜಾ ಟಾರ್ಚ್ ಬಿಟ್ಟು ನೋಡಿ, "ಇವತ್ತು ಒಂದು ಮಾತೂ ಆಡಂಗಿಲ್ಲ ಅಕ್ಕ" ಅಂತ ತೀರ್ಪು ಕೊಟ್ಟಳು. ರತ್ನ ಒಂದು ಕಾಗದದ ಮೇಲೆ "ಅತ್ಗೆ ಓದ್ಲಿ, ಅವ್ರ್ದೇ ತಾನೆ" ಅಂತ ಬರೆದು ತೋರಿಸಿದಳು. ಕಾಗುಣಿತ ತಿದ್ದಲು ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

ಮೂವತ್ತು ಹೆಂಗಸರಾದರೂ ಬಂದಿದ್ದರು. ನರ್ಸುಗಳು, ಟೀಚರುಗಳು, ಮನೆಗೆಲಸಕ್ಕೆ ಅಂತ ಬಂದವರು. ಎಲ್ಲರೂ ಚಾಪೆಯ ಮೇಲೆ ಒತ್ತೊತ್ತಾಗಿ ಕೂತರು. ರತ್ನನಿಗೆ ದನಿಯಿಲ್ಲ ಅಂತ ಗೊತ್ತಾದಾಗ ಅವರ ಮುಖ ಸಪ್ಪಗಾದದ್ದು ನನಗೆ ಕಾಣಿಸಿತು. ಮೂವತ್ತು ವರ್ಷ ಪಾಠ ಮಾಡಿದ ದನಿಯಲ್ಲಿ ನಾನು ಓದತೊಡಗಿದೆ. ಎರಡನೇ ಪುಟಕ್ಕೆ ಒಬ್ಬಳು ಮೆಲ್ಲಗೆ ಫೋನ್ ತೆಗೆದಳು. ಮೂರನೇ ಪುಟಕ್ಕೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೈ ಎತ್ತಿದಳು. ಐವತ್ತರ ಆಸುಪಾಸು, ಹೆಸರು ಜಯಮ್ಮ. ಹುಲಿಯೂರುದುರ್ಗದವಳು, ಒಂಬತ್ತು ವರ್ಷದಿಂದ ಇಲ್ಲಿನ ಒಂದು ಮನೆಯಲ್ಲಿ ಅಡುಗೆಯವಳು.

"ಟೀಚರಮ್ಮ, ತಪ್ ತಿಳ್ಕೊಬ್ಯಾಡಿ. ನೀವು ಅವ್ಳ್ ಕತೆ ಓದ್ತಿದೀರಾ, ಅವ್ಳ್ ಮ್ಯಾಲೆ ಕಂಪ್ಲೇಂಟ್ ಓದ್ತಿದೀರಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಪಕ್ಕದಲ್ಲಿ ರತ್ನ ಕಾಗದದ ಮೇಲೆ ಬರೆದು ನನ್ನ ಮುಂದೆ ಹಿಡಿದಳು: "ಪುಸ್ತಕ ಮುಚ್ಚಿ. ಸುಮ್ನೆ ಹೇಳಿ."

ಮುಚ್ಚಿದೆ. ಕನ್ನಡಕ ತೆಗೆದೆ. ನನ್ನ ಅಜ್ಜಿ ಹೇಳುತ್ತಿದ್ದ ಹಾಗೆ, ಕಾಲು ಚಾಚಿಕೊಂಡು, ಹೇಳತೊಡಗಿದೆ. ಲಾರಿ ಬಂದದ್ದು, ಅರಮನೆಯ ಪರದೆಯನ್ನೂ ಕಾಡಿನ ಪರದೆಯನ್ನೂ ಒಂದೇ ಸುರುಳಿಯಲ್ಲಿ ಸುತ್ತಿದ್ದು, ಚೆನ್ನಾಜಿ ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿದ್ದನ್ನು ನೋಡಿ ಲಾರಿ ಹೊರಡುವ ಮುಂಚೆ ಓಡಿಹೋಗಿ ಎರಡು ಹೊಲಿಗೆ ಹಾಕಿದ್ದು. ಆ ಎರಡು ಹೊಲಿಗೆ ನನ್ನ ಪುಸ್ತಕದಲ್ಲಿ ಇರಲಿಲ್ಲ. ಹೇಳುವಾಗ ತಾನೇ ಬಂತು. ಯಾರೂ ಅಲ್ಲಾಡಲಿಲ್ಲ. ಕೊನೆಗೆ ನನ್ನ ಹೆಮ್ಮೆಯ ವಾಕ್ಯ ಹೇಳಿದೆ: "ಆಮೇಲೆ ಅವಳನ್ನ ಯಾರೂ ಕಾಣಲಿಲ್ಲ."

ಜಯಮ್ಮ ಅಂದಳು, "ಯಾರೂ ಕಾಣ್ಲಿಲ್ಲ ಅಂತ ಯಾಕಂತೀರಾ ಟೀಚರಮ್ಮ. ಯಾರೂ ನೋಡಕ್ ಹೋಗ್ಲಿಲ್ಲ ಅನ್ನಿ."

ಮುಚ್ಚಿದ ಪುಸ್ತಕವನ್ನು ನಾನು ಪಕ್ಕಕ್ಕಿಟ್ಟೆ. "ಹಾಗಾದ್ರೆ ಎಲ್ಲಿಗೆ ಹೋದಳು ಜಯಮ್ಮ?"

"ಎಲ್ಲಿಗ್ ಹೋಗ್ತಾಳೆ. ಕೆಲ್ಸಕ್ ಹೋದ್ಲು." ಅವಳು ಸೆರಗು ಸರಿಮಾಡಿಕೊಂಡಳು. "ಸಮುದ್ರ ದಾಟ್ಕೊಂಡ್ ಹೋದ್ಲು. ಹೊಸ ಮನೇಲಿ ಒಲೆ ಹಚ್ಚಕ್ಕೂ ಬರ್ಲಿಲ್ಲ ಅವ್ಳಿಗೆ, ಅದೆಲ್ಲ ಗಾಜಿನ ಒಲೆ. ಮೊದ್ಲ್ ತಿಂಗ್ಳು ಬಚ್ಚಲಲ್ಲಿ ನಲ್ಲಿ ಬುಟ್ಕೊಂಡು ಅತ್ಲು, ಯಾರ್ಗೂ ಕೇಳ್ದಿರ್ಲಿ ಅಂತ. ಆ ಮನೇಲೊಂದು ಮಗ. ಅದು ಉಣ್ತಿರ್ಲಿಲ್ಲ. ಇವ್ಳು ಕನ್ನಡದಲ್ಲಿ ಕತೆ ಹೇಳ್ತಾ ತುತ್ತಿಟ್ಲು. ಅದ್ಕೇನ್ ಕನ್ನಡ ಬತ್ತದಾ? ಆದ್ರೂ ಬಾಯ್ ತೆಗೀತು. ಒಂದಿನ ಹೊಟ್ಟೆ ತುಂಬಿದ್ ಮ್ಯಾಲೆ ಕೈ ತಳ್ಳಿ 'ಸಾಕು' ಅಂತು ನೋಡಿ. ಅವತ್ತು ಇವ್ಳು ನಲ್ಲಿ ಬುಡ್ದೆ ಅತ್ಲು, ಎಲ್ರ್ ಮುಂದೇನೇ."

ಅರ್ಧ ಗಂಟೆ ಹೇಳಿದಳು. ಚೆನ್ನಾಜಿ ಆ ಮನೆಯ ಕಿಟಕಿ ಪರದೆಗಳನ್ನು ಬಿಚ್ಚಿ ಮತ್ತೆ ಹೊಲಿದದ್ದು, ರಜೆಯ ದಿನ ಕಡಲ ದಂಡೆಯಲ್ಲಿ ಕೂತು ದೋಣಿ ಎಣಿಸಿದ್ದು, ದಾರ ಅನ್ನುವುದಕ್ಕೆ ನಾಲ್ಕು ಭಾಷೆಯಲ್ಲಿ ಮಾತು ಕಲಿತದ್ದು. ನಡುನಡುವೆ ಬೇರೆಯವರೂ ಸೇರಿಸಿದರು. ಚೆನ್ನಾಜಿಗೆ ಜ್ವರ ಬಂದಾಗ ನೋಡಿಕೊಂಡ ನರ್ಸನ್ನು ಒಬ್ಬಳು ತಂದಳು. ಅವಳಿಗೆ ಅಕ್ಷರ ಬರೆಯಲು ಕಲಿಸಿದ ಟೀಚರನ್ನು ಇನ್ನೊಬ್ಬಳು ತಂದಳು. ಇದು ಯಾರ ಕಥೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಚೆನ್ನಾಜಿ, ಚೆನ್ನಾಜಿ ಅಂತಲೇ ಅಂದರು. ಕಾದಂಬರಿ ಎಂಬುದು ಯಾತಕ್ಕೆ ಬೇಕು ಎಂದು ಮಕ್ಕಳಿಗೆ ವರ್ಷವರ್ಷ ಪಾಠ ಹೇಳಿದ ನಾನು, ಅದನ್ನು ಕಣ್ಣಾರೆ ಕಂಡದ್ದು ಆ ಚಾಪೆಯ ಮೇಲೆ.

"ಅಷ್ಟೇ ಕಣ್ರವ್ವ," ಅಂತ ಜಯಮ್ಮ ಮುಗಿಸಿದಳು. "ಇನ್ನೂ ಬದುಕವ್ಳೆ."

ರತ್ನ ಆಗಲೇ ಫೋನ್ ಮುಂದಿಟ್ಟು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದಳು. ಇದನ್ನೇ ಕೊನೇ ಕಂತಾಗಿ ಹಾಕಬಹುದಾ ಎಂದು ನಾನು ಜಯಮ್ಮನನ್ನು ಕೇಳಿದೆ. ಅವಳು ಯೋಚಿಸಿದಳು. "ನನ್ ಹೆಸ್ರು ಬ್ಯಾಡ, ಚೆನ್ನಾಜಿದೇ ಇರ್ಲಿ. ದನಿ ಮಾತ್ರ ನಂದೇ ಇರ್ಲಿ."

ನನ್ನ ಹೆಸರು ಇರಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ. ನನಗೂ ನೆನಪಾಗಲಿಲ್ಲ. ಆಮೇಲೆ ಬಿಸಿಬೇಳೆ ಬಾತು, ಕೊಬ್ಬರಿ ಮಿಠಾಯಿ, ಗಲಾಟೆ. ವೇಗವಾಗಿ ಕೇಳುವ ಟೀಚರು, ಈ ಕೊನೇ ಕಂತನ್ನು ಮಾತ್ರ ನಿಧಾನಕ್ಕೇ ಕೇಳುತ್ತೇನೆ ಅಂತ ಮಾತು ಕೊಟ್ಟಳು.

ಹುಲಿಯೂರುದುರ್ಗ

ಸಲಾಲದಿಂದ ಹೊರಡುವಾಗ ಜಯಮ್ಮ ತಂಗಿಗೆ ಅಂತ ಒಂದು ಡಬ್ಬಿ ಹಲ್ವಾ, ಒಂದು ಪೊಟ್ಟಣ ಸಾಂಬ್ರಾಣಿ ಕೊಟ್ಟಿದ್ದಳು. ಬಂದ ಮುಂದಿನ ಶುಕ್ರವಾರ ನಾನು ಕುಣಿಗಲ್ಲಿಗೆ ಹೋಗಿ, ರತ್ನನ ಜೊತೆ ಹುಲಿಯೂರುದುರ್ಗದ ಬಸ್ ಹತ್ತಿದೆ. ರತ್ನನ ದನಿ ವಾಪಸ್ ಬಂದಿತ್ತು. ಸಾಲದು ಅಂತ ಬಸ್ಸಿನಲ್ಲಿ ಮುಂದಿನ ಸೀಟಿನವಳು ತಿರುಗಿ, "ನೀವು ಕತೆಯಮ್ಮ ಅಲ್ವಾ?" ಅಂದಾಗ ಇನ್ನಷ್ಟು ಬಂತು.

ಜಯಮ್ಮನ ತಂಗಿ ಪುಟ್ಟಮ್ಮ ಬಸ್ ನಿಲ್ಲುವ ಕಡೆ ಹೂವಿನ ಅಂಗಡಿ ಇಟ್ಟಿದ್ದಾಳೆ. ಡಬ್ಬಿ ತೆಗೆದುಕೊಂಡು, ಸ್ಟೂಲು ಒರೆಸಿ ಕೂರಿಸಿ, ಟೀ ತರಿಸಿದಳು.

"ಹೆಂಗವ್ಳೆ ನಮ್ಮಕ್ಕ? ಫೋನ್ ಮಾಡಿದ್ರೆ 'ಚೆನ್ನಾಗಿವ್ನಿ, ಉಂಡ್ಯಾ' ಅಂತಾಳೆ. ಅಷ್ಟೇ. ಮಾತೇ ಆಡಲ್ಲ ಅವ್ಳು. ಮೊದ್ಲಿಂದ್ಲೂ ಹಂಗೇ."

ರತ್ನ ನನ್ನ ಮುಖ ನೋಡಿದಳು. ಎಲ್ಲರಿಗೂ ಹಾಕುವ ಮುಂಚೆ ತಂಗಿಗೆ ಕೇಳಿಸಿ ಅಂತ ಜಯಮ್ಮ ತಾನೇ ಹೇಳಿದ್ದಳು. ನಾನು ತಲೆಯಾಡಿಸಿದೆ. ರತ್ನ ಫೋನನ್ನು ಹೂವಿನ ಬುಟ್ಟಿಯ ಪಕ್ಕದಲ್ಲಿಟ್ಟು ಹಚ್ಚಿದಳು.

ಪುಟ್ಟಮ್ಮ ಮೊದಲು ಸೇವಂತಿಗೆ ಕಟ್ಟುತ್ತಲೇ ಕೇಳಿದಳು. "ಇದ್ಯಾರು, ನಮ್ಮಕ್ಕನಾ?" ಅಂದಳು. ಗಾಜಿನ ಒಲೆಗೆ ನಕ್ಕಳು. ನಲ್ಲಿಯ ಮಾತು ಬಂದಾಗ ಬೆರಳು ನಿಂತಿತು. ಗಿರಾಕಿಯೊಬ್ಬರು ಬಂದು ಒಂದು ಮೊಳ ಕೇಳಿದರು. ಇವಳಿಗೆ ಕೇಳಿಸಲಿಲ್ಲ, ರತ್ನನೇ ಅಳೆದು ಕೊಟ್ಟಳು. ಅರ್ಧ ಗಂಟೆ ಮುಗಿದ ಮೇಲೆ ಪುಟ್ಟಮ್ಮ ಕಣ್ಣು ಒರೆಸಿಕೊಂಡು, ತನ್ನ ಫೋನ್ ತೆಗೆದು, ಅಕ್ಕನ ನಂಬರು ಒತ್ತಿದಳು. ಶುಕ್ರವಾರ, ಜಯಮ್ಮನಿಗೆ ರಜೆ. ಎರಡನೇ ರಿಂಗಿಗೇ ಎತ್ತಿದಳು.

"ಚೆನ್ನಾಗಿದೀಯಾ, ಉಂಡ್ಯಾ?" ಎಂಬ ದನಿ ನಮಗೂ ಕೇಳಿಸಿತು.

"ಅದಿರ್ಲಿ ಬುಡಕ್ಕ," ಅಂದಳು ಪುಟ್ಟಮ್ಮ. "ಆ ಮಗ ಈಗ್ಲೂ ಸಾಕು ಅಂತದಾ?"

ಆ ಕಡೆಯಿಂದ ನಗು, ಅದರ ಹಿಂದೆಯೇ ಮಾತು, ತಡೆಯಿಲ್ಲದೆ. ನಾವಿಬ್ಬರೂ ಎದ್ದು ರಸ್ತೆಯ ಆಚೆ ಮರದ ನೆರಳಿಗೆ ಹೋಗಿ ನಿಂತೆವು. ಅಕ್ಕತಂಗಿಯರ ಮಾತು ಮುಗಿಯುವಷ್ಟರಲ್ಲಿ ಕುಣಿಗಲ್ಲಿಗೆ ಹೋಗುವ ಎರಡು ಬಸ್ಸು ನಮ್ಮ ಕಣ್ಣೆದುರೇ ಹೋದವು.